ಕುದಿವ ಕೆಸರಿನ ಊರಲ್ಲಿ ರೊಟ್ಟಿ ಬಡಿದ ಸದ್ದು

ಕಳೆದ ವಾರ ಹತ್ತಿಮತ್ತೂರಿನ ಹೊಲವೊಂದರಲ್ಲಿ ಗಂಧಕದ ಪುಡಿಯ ಪಾಕೀಟು ಒಡೆದರು. ಮೆಣಸಿನ ಗಿಡಕ್ಕೆ ಬೂದಿರೋಗ ಬಿದ್ದಿತ್ತು. ನಾನು ರೈತ ಸಂಪರ್ಕ ಕೇಂದ್ರದ ನೌಕರಿಯಿಂದ ನಿವೃತ್ತಳಾಗಿ ಕೆಲವು ವರ್ಷಗಳಾದರೂ, ಪರಿಚಯದವರು ಕರೆದರೆ ಹೋಗಿ ಬೆಳೆ ನೋಡಿ ಬರುವ ರೂಢಿ ಬಿಟ್ಟಿಲ್ಲ. ಹೊಲದ ಒಡತಿ ಪಾಕೀಟಿನ ಬಾಯಿ ಹರಿದು ಬಕೆಟ್ಟಿನ ನೀರಿಗೆ ಸುರಿದಳು. ಹಳದಿ ಪುಡಿ ಸ್ವಲ್ಪ ಗಾಳಿಗೆ ಎದ್ದಿತು. ಆಗಷ್ಟೇ ಕಡ್ಡಿ ಗೀರಿದಂಥ ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಕಣ್ಣು ಮುಚ್ಚಿ ಹಿಂದೆ ಸರಿದೆ.

"ಯಾಕ್ರೀ ಬಾಯಾರ, ತಲಿ ತಿರುಗಿತೇನು? ನೆಳ್ಳಿಗೆ ಕುಂತ್ರಿ" ಎಂದಳು ಆಕೆ. ನೌಕರಿ ಮಾಡಿದ ಹೆಂಗಸರನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ.

ತಲೆ ತಿರುಗಿರಲಿಲ್ಲ. ಬದುವಿನ ಮೇಲೆ ಬೇವಿನ ನೆರಳಿಗೆ ಕೂತೆ. ಕಣ್ಣ ಮುಂದೆ ಮೆಣಸಿನ ಸಾಲುಗಳಿರಲಿಲ್ಲ. ನೆಲದಿಂದ ಏಳುವ ಬಿಳಿ ಉಗಿ ಇತ್ತು, ಬೂದು ಬಣ್ಣದ ಕೆಸರು ಗುಳುಗುಳು ಕುದಿಯುತ್ತಿತ್ತು, ಅದರ ಮುಂದೆ ಎರಡು ಕೈಗಳಿದ್ದವು...

ಆ ಕೈಗಳು ಶಿಗ್ಗಾಂವಿಯ ಒಂದು ಖಾನಾವಳಿಯವು. ಅಲ್ಲಿ ನೌಕರಿಗಿದ್ದಾಗ ನಾನು ಆ ಖಾನಾವಳಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅದನ್ನು ನಡೆಸುವವರನ್ನು ಓಣಿಯೆಲ್ಲ ಅಕ್ಕ ಎನ್ನುತ್ತಿತ್ತು, ನಾನೂ ಅಕ್ಕ ಎಂದೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತವರಿನ ಪಡಸಾಲೆಯಲ್ಲೇ ಒಲೆ ಹೂಡಿ ಖಾನಾವಳಿ ತೆರೆದವರು ಅವರು. ಗಲ್ಲಾದ ಮೇಲೆ ತಮ್ಮ ಕೂರುತ್ತಿದ್ದ. ಅಕ್ಕ ಬಾಗಿಲ ಪಕ್ಕದಲ್ಲಿ, ರಸ್ತೆಯಲ್ಲಿ ಹೋಗುವವರಿಗೆ ಕಾಣುವಂತೆ ಕೂತು ರೊಟ್ಟಿ ಬಡಿಯುತ್ತಿದ್ದರು. ದುಂಡಸಿಯ ಬಸ್ಸಿನಿಂದ ಇಳಿದವರು ಬೋರ್ಡು ಓದುತ್ತಿರಲಿಲ್ಲ, ರೊಟ್ಟಿ ಬಡಿಯುವ ಸದ್ದು ಕೇಳಿ ಒಳಗೆ ಬರುತ್ತಿದ್ದರು.

ಅವರ ರೊಟ್ಟಿಗೆ ಒಂದು ಗುರುತಿತ್ತು. ಅಂಚೆಲ್ಲ ತೆಳ್ಳಗೆ; ಒಂದು ಕಡೆ ಮಾತ್ರ, ಹೆಬ್ಬೆರಳಿನ ಅಗಲದಷ್ಟು ಜಾಗ, ತುಸು ದಪ್ಪ. ಹಿಟ್ಟು ತಿರುಗಿಸುವಾಗ ಎಡಗೈ ಹೆಬ್ಬೆರಳು ಅಲ್ಲಿ ಕೂರುತ್ತಿತ್ತು. ನಾನು ಆ ದಪ್ಪ ಅಂಚನ್ನು ಮೊದಲು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ.

ಬಿಳಿ ಕಲೆ ಮೊದಲು ಬಂದದ್ದು ಬಲಗೈ ಬೆರಳ ತುದಿಗೆ. ಹಿಟ್ಟು ಹತ್ತಿದೆ ಎಂದುಕೊಂಡು ಅಕ್ಕ ತೊಳೆದರು. ಹೋಗಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಎರಡೂ ಕೈಗಳು ಮಣಿಕಟ್ಟಿನ ತನಕ ಬೆಳ್ಳಗಾದವು. ಅಂಗೈಯಲ್ಲೂ ಅಲ್ಲಲ್ಲಿ ಕಲೆ ಬಿದ್ದಿತು. ಹುಬ್ಬಳ್ಳಿಯ ಡಾಕ್ಟರರ ಹತ್ತಿರ ಹೋದಾಗ ನಾನು ಜೊತೆಗಿದ್ದೆ. ಇದು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವಲ್ಲ, ಇವರ ಕೈಯಡುಗೆ ಉಂಡರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಆ ಮಾತನ್ನು ನಾನು ಶಿಗ್ಗಾಂವಿಗೆ ಬಂದು ಎಷ್ಟೋ ಜನಕ್ಕೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಬೇರೆ ಖಾನಾವಳಿಗೆ ಹೋದರು.

ತಮ್ಮ ಕೆಟ್ಟವನೇನಲ್ಲ. ಆದರೆ ಹೆದರಿದ. ಒಲೆಯನ್ನು ಹಿತ್ತಲ ಅಡುಗೆಮನೆಗೆ ಸಾಗಿಸಿದ. ತುಂಬುತೋಳಿನ ಕುಪ್ಪಸ ಹೊಲಿಸಿಕೊಟ್ಟ. ಅಕ್ಕ ಒಳಗೆ ಕೂತು ಬಡಿದ ರೊಟ್ಟಿಯನ್ನು ಬೇರೆಯವರು ಹೊರಗೆ ಬಡಿಸತೊಡಗಿದರು. ಆ ವರ್ಷ ಹುಬ್ಬಳ್ಳಿಯ ಪ್ರವಾಸದವನೊಬ್ಬ ಜಾವಾ ದ್ವೀಪದ ಹಳೆಯ ಶಿವಾಲಯಗಳಿಗೆ ಜನ ಸೇರಿಸುತ್ತಿದ್ದ. ಅಲ್ಲಿ ದಿಯೆಂಗ್ ಎಂಬ ಬೆಟ್ಟದ ಬಯಲಿನಲ್ಲಿ ಜ್ವಾಲಾಮುಖಿಯ ನೆಲವಿದೆ, ಗಂಧಕದ ಕೆಸರಿದೆ, ಹಚ್ಚಿಕೊಂಡರೆ ಚರ್ಮದ ರೋಗ ಹೋಗುತ್ತದೆ ಎಂದು ಅವನ ಬಾಯಲ್ಲಿ ಬಂದಿತ್ತು. ತಮ್ಮ ಅಷ್ಟನ್ನೇ ಹಿಡಿದುಕೊಂಡ. ನಾನು ಗುಡಿ ನೋಡಲೆಂದು ಮೊದಲೇ ಹೆಸರು ಕೊಟ್ಟಿದ್ದೆ. ತಮ್ಮ ಅಕ್ಕನನ್ನೂ ನನ್ನ ಜೊತೆ ಕಳಿಸಿದ.

ಹೊರಡುವ ಮುಂಚೆ ಅವನು ಅಕ್ಕನಿಗೆ ಹೇಳಿದ್ದು ನನ್ನ ಎದುರಿನಲ್ಲೇ. "ಅಕ್ಕಾ, ಆ ಕೆಸರು ಹಚ್ಕೊಂಡು ಬಾ. ಕೈ ನೆಟ್ಟಗಾದ್ರ ಒಲಿ ಮತ್ತ ಬಾಗಲ ಕಡೆ ಇಡೋಣು. ಆಗಲಿಲ್ಲಂದ್ರ ರೊಟ್ಟಿಗೆ ಬ್ಯಾರೇದವ್ರನ್ನ ನೋಡ್ತೇನಿ. ಸಿಟ್ಟಾಗಬ್ಯಾಡ."

ಅಕ್ಕ ಸಿಟ್ಟಾಗಲಿಲ್ಲ. "ಬ್ಯಾರೇದವ್ರನ್ನ" ಎಂದು ಅವನ ಮಾತನ್ನೇ ಒಮ್ಮೆ ಮೆಲ್ಲಗೆ ಹೇಳಿಕೊಂಡರು. ಅಷ್ಟೇ.

ಹಾನಗಲ್ಲ, ಸವಣೂರು, ಶಿಗ್ಗಾಂವಿ, ಹಿರೇಕೆರೂರು, ನಾಲ್ಕೂ ಕಡೆಯವರು ಇದ್ದ ಗುಂಪು ಅದು. ನಮ್ಮ ಕಡೆಯವರು ಎಲ್ಲಿಗೆ ಹೋದರೂ ಕಡಕ್ ರೊಟ್ಟಿಯ ಡಬ್ಬಿ ಮುಂಚೆ ಹೋಗುತ್ತದೆ. ಗುಂಪಿನ ಎಲ್ಲರ ರೊಟ್ಟಿಯನ್ನೂ ಅಕ್ಕನೇ ಬಡಿದು ಒಣಗಿಸಿ ಕೊಟ್ಟಿದ್ದರು. ಯಾರು ಮಾಡಿದ್ದೆಂದು ಪ್ರವಾಸದವನು ಹೇಳಿರಲಿಲ್ಲ. ಜಾವಾಕ್ಕೆ ಇಳಿದ ಮೊದಲ ದಿನ ಸವಣೂರಿನ ಅಡತಿ ಸಾಹುಕಾರರ ಹೆಂಡತಿ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ರೊಟ್ಟಿ ಮುರಿಯುತ್ತ, "ಹಪ್ಪಳ ಆಗ್ಯಾವ ನೋಡ್ರಿ! ಯಾವ ಪುಣ್ಯಾತ್ಗಿತ್ತಿ ಕೈಯೋ ಏನೋ" ಎಂದರು. ಅಕ್ಕ ತುಂಬುತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡು, ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಿಟಕಿಯಾಚೆ ನೋಡಿದರು.

ದಿಯೆಂಗ್‌ಗೆ ಹೋಗುವ ದಾರಿ ಬೆಟ್ಟ ಹತ್ತುತ್ತ ಹೋಗುತ್ತದೆ. ಒಂದು ಕಡೆ ಬಸ್ಸು ನಿಲ್ಲಿಸಿ ಊಟಕ್ಕೆ ಇಳಿದೆವು. ನಲ್ಲಿಯ ಹತ್ತಿರ ಅಕ್ಕ ತೋಳು ಮೇಲಕ್ಕೆ ಸರಿಸಿ ಕೈ ತೊಳೆದರು. ಸಾಹುಕಾರ್ತಿ ಹಿಂದೆಯೇ ನಿಂತಿದ್ದರು. ಅದೇ ಹೊತ್ತಿಗೆ ಪ್ರವಾಸದವನು, ಏನೂ ತಿಳಿಯದವನಂತೆ, "ರೊಟ್ಟಿ ಮುಗ್ಯಾಕ ಬಂದಾವು, ಅಕ್ಕಾರ ನಾಳೆ ಹಿಟ್ಟು ನಾದ್ತೀರೇನು?" ಎಂದು ಕೂಗಿದ.

ಊಟದ ಸಾಲಿನಲ್ಲಿ ಡಬ್ಬಿ ಒಬ್ಬರಿಂದ ಒಬ್ಬರಿಗೆ ದಾಟುತ್ತ ಬರುತ್ತಿತ್ತು. ಸಾಹುಕಾರ್ತಿಯ ಹತ್ತಿರ ಬಂದು ನಿಂತಿತು. ಅವರು ಮುಚ್ಚಳ ಹಾಕಿ ಪಕ್ಕಕ್ಕೆ ಇಟ್ಟರು. ತಟ್ಟೆಯಲ್ಲಿದ್ದ ರೊಟ್ಟಿಯನ್ನು ಕೆಲವರು ಹಾಗೇ ಬಿಟ್ಟರು. ನಾನು ಎದ್ದು ಹೋಗಿ ಡಬ್ಬಿ ತಂದು ನನ್ನ ಮುಂದೆ ಇಟ್ಟುಕೊಂಡೆ. ಹಿರೇಕೆರೂರಿನ ಅಜ್ಜ ಒಬ್ಬರು ಕೈ ಚಾಚಿ, "ಇತ್ತಾಗ ಕೊಡವಾ, ನನಗ ಬಸ್ಸಿನ್ಯಾಗ ಹಸಿವಿ ಜಾಸ್ತಿ" ಎಂದರು.

ಮರುದಿನ ಬೆಳಿಗ್ಗೆ ಗುಡಿಗಳಿಗೆ ಹೋದೆವು. ಮಂಜು ಬಹಳವಿತ್ತು. ಸುತ್ತ ಬಟಾಟಿ ಹೊಲ, ನಡುವೆ ಕಪ್ಪು ಕಲ್ಲಿನ ಸಣ್ಣ ಸಣ್ಣ ಶಿವಾಲಯಗಳು. ನಾವು ಒಳಹೊಕ್ಕ ಗುಡಿಯಲ್ಲಿ ಲಿಂಗವಿರಲಿಲ್ಲ, ಪೀಠ ಮಾತ್ರ ಇತ್ತು. ಇಷ್ಟು ದೂರ ಬಂದದ್ದು ಖಾಲಿ ಗುಡಿ ನೋಡಲಿಕ್ಕೇನು ಎಂದು ಕೆಲವರು ಗೊಣಗಿದರು. ಅಕ್ಕ ಗುಡಿಯ ಮೆಟ್ಟಿಲ ಮೇಲೆ ಕೂತು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಕಣ್ಣು ಮುಚ್ಚಿ ಎಷ್ಟು ಹೊತ್ತು ಕೂತಿದ್ದರೋ... ಮಂಜಿನಲ್ಲಿ ಆ ಬಿಳಿ ಅಂಗೈ, ಅದರ ನಡುವೆ ಕರಿಯ ಲಿಂಗ. ಅಷ್ಟು ಸ್ಪಷ್ಟವಾಗಿ ನಾನು ಅದನ್ನು ಹಿಂದೆಂದೂ ನೋಡಿರಲಿಲ್ಲ.

ಅಲ್ಲಿಂದ ಕುದಿಯುವ ನೆಲಕ್ಕೆ ಹೋದೆವು. ಇದನ್ನು ನಿಧಾನವಾಗಿ ಬರೆಯಬೇಕು. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಹುಲ್ಲಿಲ್ಲದ, ಗಿಡವಿಲ್ಲದ ಬಯಲು. ನೆಲ ಕೆಲವು ಕಡೆ ಸುಣ್ಣದಂತೆ ಬೆಳ್ಳಗೆ, ಕೆಲವು ಕಡೆ ಅರಿಷಿಣದ ಹಾಗೆ ಹಳದಿ. ಬಿರುಕುಗಳಿಂದ ಉಗಿ ಸುಯ್ಯೆಂದು ಏಳುತ್ತಿತ್ತು. ಕೊಳೆತ ತತ್ತಿಯ ವಾಸನೆ, ಅದರೊಳಗೆ ಕಡ್ಡಿ ಗೀರಿದ ವಾಸನೆ. ನಡೆಯಲು ಹಲಗೆಯ ದಾರಿ ಹಾಕಿದ್ದರು, ಕೈಗೆ ಕಟಕಟೆ ಇತ್ತು. ಅದರ ಕೊನೆಗೆ ದೊಡ್ಡ ಹೊಂಡ. ಹೊಂಡದ ತುಂಬ ಬೂದು ಕೆಸರು, ಅಂಬಲಿ ಕುದಿದಂತೆ ಕುದಿಯುತ್ತಿತ್ತು. ಗುಳ್ಳೆ ಉಬ್ಬುತ್ತಿತ್ತು, ಒಡೆಯುತ್ತಿತ್ತು, ಒಡೆದ ಜಾಗದಲ್ಲಿ ಇನ್ನೊಂದು ಉಬ್ಬುತ್ತಿತ್ತು. ಕಾಲ ಕೆಳಗಿನ ಹಲಗೆ ಸಣ್ಣಗೆ ನಡುಗುತ್ತಿತ್ತು.

"ಭೂಮಿತಾಯಿ ಸಂಕಟಕ್ಕ ಸಾರು ಕಾಸಾಕತ್ತಾಳ" ಎಂದರು ಹಿರೇಕೆರೂರಿನ ಅಜ್ಜ. ಎಲ್ಲರೂ ನಕ್ಕರು.

ದಾರಿಯ ಪಕ್ಕದಲ್ಲಿ ಅಲ್ಲಿನ ಹೆಂಗಸರು ಗಂಧಕದ ತುಂಡು, ಪುಡಿಯ ಚೀಲ, ಮುಖಕ್ಕೆ ಹಚ್ಚುವ ತಣಿಸಿದ ಕೆಸರು ಮಾರುತ್ತಿದ್ದರು. ಒಬ್ಬಾಕೆ ಅಕ್ಕನ ಕೈ ನೋಡಿದ್ದೇ ಎದ್ದು ಬಂದಳು. ಅಕ್ಕನ ಕೈ ತೋರಿಸಿದಳು, ಚೀಲ ತೋರಿಸಿದಳು, ನಕ್ಕಳು. ಭಾಷೆ ಬೇಕಾಗಲಿಲ್ಲ. ಸಾಹುಕಾರ್ತಿ ಒಂದು ಚೀಲವನ್ನೂ ಒಂದು ಬಟ್ಟಲು ಕೆಸರನ್ನೂ ಕೊಂಡರು.

"ಬಾರವಾ, ನಿಮ್ಮ ತಮ್ಮ ಕೆಸರಿಗಂತ ಕಳಿಸ್ಯಾನಂತ, ಪ್ರವಾಸದಾಂವ ಹೇಳಿದ" ಎಂದರು. "ಹಚ್ಕೋ. ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ."

"ಬ್ಯಾಡ್ರಿ" ಎಂದರು ಅಕ್ಕ.

"ಬ್ಯಾಡ ಅಂದ್ರ ಹೆಂಗ? ಇದಕ್ಕ ಅಂತ ಬಂದೀದಿ."

"ನಾ ಗುಡಿಗೆ ಬಂದೇನ್ರಿ."

ಮುಂದೆ ನಡೆದದ್ದು ತಮಾಷೆಯ ಹಾಗೆ ಶುರುವಾಯಿತು. ಸಾಹುಕಾರ್ತಿ ನಗುತ್ತಲೇ ಅಕ್ಕನ ಬಲಗೈ ಹಿಡಿದರು. ತಿಳವಳ್ಳಿಯಿಂದ ಗಂಡನ ಜೊತೆ ಬಂದಿದ್ದ ಹೆಂಗಸು ಎಡಗೈ ಹಿಡಿದಳು. ತೋಳು ಮೇಲೆ ಸರಿಸಿದರು. ಅಕ್ಕ ಕೈ ಎಳೆದುಕೊಂಡರು, ಅವರು ಬಿಡಲಿಲ್ಲ. ಬೂದು ಕೆಸರನ್ನು ಬೆರಳಿನಿಂದ ಮೊಣಕೈತನಕ ಮೆತ್ತಿದರು. ನಾನು "ಬಿಡ್ರಿ ಅವರನ್ನ" ಎಂದು ಒದರಿ ನಡುವೆ ಹೋಗುವಷ್ಟರಲ್ಲಿ ಮೆತ್ತಿ ಮುಗಿದಿತ್ತು. ಇಬ್ಬರು ಒಳ್ಳೆಯ ಹೆಂಗಸರು, ಹಗಲು ಹೊತ್ತಿನಲ್ಲಿ, ಇಷ್ಟು ಜನರ ಮುಂದೆ, ಬೇಡವೆಂದವರ ಕೈ ಹಿಡಿದು...

ಆಮೇಲೆ ಆ ಇಬ್ಬರೂ ಉಳಿದ ಕೆಸರನ್ನು ತಮ್ಮ ಮುಖಕ್ಕೆ ಹಚ್ಚಿಕೊಂಡರು. ಒಬ್ಬರನ್ನು ನೋಡಿ ಒಬ್ಬರು, ಗಂಡಸರೂ, ಹಚ್ಚಿಕೊಂಡರು. ಫೋಟೋ ತೆಗೆಸಿಕೊಂಡರು. ಗಾಳಿಗೆ ಕೆಸರು ಒಣಗಿ ಬಿರಿಯಿತು. ಹಣೆಯಲ್ಲಿ, ಕೆನ್ನೆಯಲ್ಲಿ ಬಿಳಿ ಬಿಳಿ ತೇಪೆ.

"ಯಾರ ಹೆಂಡ್ತಿ ಯಾರು ಅಂತ ಗೊತ್ತಾಗವಲ್ದು, ಬಸ್ ಹತ್ತುವಾಗ ನೋಡಿ ಹತ್ರಿ" ಎಂದರು ಅಜ್ಜ.

ಅಕ್ಕ ಅಷ್ಟು ಹೊತ್ತು ಕೈ ಮುಂದೆ ಚಾಚಿಕೊಂಡು ನಿಂತಲ್ಲೇ ನಿಂತಿದ್ದರು. ಈಗ ಒಬ್ಬೊಬ್ಬರ ಮುಖವನ್ನೂ ನೋಡಿದರು. ಇದ್ದಕ್ಕಿದ್ದಂತೆ ಜೋರಾಗಿ ನಕ್ಕರು. ಆ ನಗು ಕೇಳಿ ಉಳಿದವರ ನಗು ನಿಂತಿತು.

"ಈಗ ಎಲ್ಲಾರೂ ನನ್ನಂಗ ಆದ್ರಿ ನೋಡ್ರಿ" ಎಂದರು. "ಏನಾತು? ಯಾರಾರ ಸತ್ರೇನು?"

ನೀರಿನ ನಲ್ಲಿಯ ಕಡೆ ನಡೆದರು. ಸಾಹುಕಾರ್ತಿ ಹಿಂದಿನಿಂದ, "ತಡೀವಾ, ಒಣಗಲಿ, ಆವಾಗ ಹಿಡೀತೈತಿ" ಎಂದರು.

ಅಕ್ಕ ತಿರುಗಿ ನಿಂತರು. ದನಿ ಏರಿಸಲಿಲ್ಲ. "ಸಾವ್ಕಾರ್ತಿ, ಇದ ಅಂಗೈಯಾಗ ನಾ ದಿನಾ ಲಿಂಗ ಹಿಡೀತೇನಿ. ಕಲಿ ಬಂದ ಮ್ಯಾಲೂ ಹಿಡದೇನಿ. ಅದು ಒಂದಿನಾನೂ ಈ ಕೈ ಒಲ್ಲೆ ಅಂದಿಲ್ಲ. ನೀವು ರೊಟ್ಟಿ ಒಲ್ಲೆ ಅಂತೀರಿ. ನೀವು ಅದಕಿಂತ ದೊಡ್ಡವರೇನು?"

ಸಾಹುಕಾರ್ತಿ ಸೆರಗಿನಿಂದ ಮುಖದ ಕೆಸರು ಒರೆಸಿಕೊಳ್ಳುತ್ತ ಬಸ್ಸಿನ ಕಡೆ ನಡೆದರು.

ನಲ್ಲಿಯ ನೀರು ಮಂಜುಗಡ್ಡೆಯಷ್ಟು ತಣ್ಣಗಿತ್ತು. ನಾನು ನೀರು ಹಾಕಿದೆ, ಅಕ್ಕ ತಿಕ್ಕಿ ತಿಕ್ಕಿ ತೊಳೆದರು. ಕೆಸರು ಹೋದ ಮೇಲೆ ಕೈ ಕೆಂಪಾಗಿತ್ತು, ಉರಿಯುತ್ತಿದೆ ಎಂದರು. ಕೆಂಪಿನ ಕೆಳಗೆ ಬಿಳಿ ಕಲೆ ಇದ್ದಲ್ಲೇ ಇತ್ತು. ಸಾಹುಕಾರ್ತಿ ಕೊಂಡಿದ್ದ ಪುಡಿಯ ಚೀಲವನ್ನು ಕಟಕಟೆಯ ಮೇಲೆ ಬಿಟ್ಟು ಹೋಗಿದ್ದರು. ಅಕ್ಕ ಅದನ್ನು ಎತ್ತಿಕೊಂಡು ಮಾರುವ ಹೆಂಗಸಿನ ಹತ್ತಿರ ಹೋಗಿ ಅವಳ ಮಡಿಲಿಗೇ ಮರಳಿ ಇಟ್ಟರು. ಅವಳ ತಪ್ಪೇನೂ ಇರಲಿಲ್ಲ ನೋಡಿ. ಅವಳ ಭುಜ ತಟ್ಟಿ ಬಂದರು.

ಇಳಿದುಕೊಂಡದ್ದು ಒಬ್ಬ ಬಟಾಟಿ ರೈತರ ಮನೆಯಲ್ಲಿ. ಮಧ್ಯಾಹ್ನ ಅಲ್ಲಿಗೆ ಮರಳಿದಾಗ ಚಳಿಗೆ ಎಲ್ಲರ ಹಲ್ಲು ಕಟಕಟ ಎನ್ನುತ್ತಿತ್ತು. ಗುಂಪಿನ ಅಡುಗೆಯವನು ಮನೆಯೊಳಗೆ ಅನ್ನಕ್ಕೆ ಇಟ್ಟಿದ್ದ. ಅಕ್ಕ ನಮ್ಮ ಸಾಮಾನಿನಿಂದ ಜೋಳದ ಹಿಟ್ಟು ತೆಗೆದರು. ಗ್ಯಾಸಿನ ಒಲೆಯೊಂದನ್ನು ಅಂಗಳದ ನಡುವೆ ತರಿಸಿದರು. ಮನೆಯ ಒಡತಿಯಿಂದ ಒಂದು ಮರದ ಹಲಗೆ ಇಸಿದುಕೊಂಡರು. ತುಂಬುತೋಳನ್ನು ಮೊಣಕೈಯ ಮೇಲಕ್ಕೆ ಮಡಚಿದರು.

"ಅಕ್ಕಾ, ಒಳಗ ಮಾಡ್ರಿ, ಇಲ್ಲಿ ಥಂಡಿ" ಎಂದೆ.

"ಒಳಗ ಕುಂತು ಸಾಕಾಗೇತ್ರಿ ಬಾಯಾರ" ಎಂದರು.

ಬಿಸಿನೀರಲ್ಲಿ ಹಿಟ್ಟು ನಾದಿ ಬಡಿಯತೊಡಗಿದರು. ಟಪ್ ಟಪ್ ಟಪ್. ಉರಿಯುವ ಕೈಯಲ್ಲಿ ಬಿಸಿ ಹಿಟ್ಟು... ಅಕ್ಕ ತುಟಿ ಕಚ್ಚಿಕೊಂಡದ್ದನ್ನು ನಾನು ಕಂಡೆ, ಕೈ ನಿಂತದ್ದನ್ನು ಕಾಣಲಿಲ್ಲ. ಸದ್ದಿಗೆ ಒಬ್ಬೊಬ್ಬರೇ ಬಾಗಿಲಿಗೆ ಬಂದರು. "ಬೇಕಾದವ್ರು ಉಣ್ರಿ, ಬ್ಯಾಡಾದವ್ರು ನೋಡ್ರಿ" ಎಂದರು ಅಕ್ಕ, ತಲೆ ಎತ್ತದೆ.

ಎಲ್ಲರೂ ಓಡಿ ಬಂದು ಉಂಡರು ಎಂದು ನಾನು ಬರೆಯಲಾರೆ. ಅಜ್ಜ ಮೊದಲು ಬಂದು ಕೂತರು. "ಹೆಣ್ತಿ ಸತ್ತ ಮ್ಯಾಲ ಹಂಚಿನಿಂದ ನೇರ ತಾಟಿಗೆ ರೊಟ್ಟಿ ಬಿದ್ದಿದ್ದು ಇದ ಮೊದಲು" ಎಂದರು. ಅಕ್ಕನ ಎಡಗೈ ಹಿಡಿದಿದ್ದ ತಿಳವಳ್ಳಿಯ ಹೆಂಗಸು ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದು, ಮುಖದ ಕೆಸರು ತೊಳೆದು ಬಂದು ತಟ್ಟೆ ಹಿಡಿದಳು. ಅವಳ ಗಂಡ ಬೇಯಿಸಿದ ಬಟಾಟಿ ತಿಂದ. ಸಾಹುಕಾರ್ತಿ ಒಳಗೇ ಉಳಿದರು, ಬಿಸ್ಕೀಟು ತಿಂದರು. ಮನೆಯ ಒಡತಿ ಮಾತ್ರ ಅಂಗಳದಲ್ಲಿ ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತು, ತಾನೂ ಒಂದು ಉಂಡೆ ತೆಗೆದುಕೊಂಡು ಬಡಿಯಲು ಹೋಗಿ ಹರಿದುಕೊಂಡು, ಮುಖ ಮುಚ್ಚಿಕೊಂಡು ನಕ್ಕಳು. ಅಕ್ಕ ಅವಳ ಕೈ ಹಿಡಿದು ತಿರುಗಿಸುವುದನ್ನು ತೋರಿಸಿದರು. ಅವಳು ಕೈ ಎಳೆದುಕೊಳ್ಳಲಿಲ್ಲ.

ಹಿಟ್ಟು ಮುಗಿಯುವತನಕ ಅಕ್ಕ ಏಳಲಿಲ್ಲ. ಉಣ್ಣುವವರಿಗಿಂತ ರೊಟ್ಟಿಯೇ ಹೆಚ್ಚಾಯಿತು. ಇರಲಿ ಬಿಡ್ರಿ ಎಂದರು.

ಶಿಗ್ಗಾಂವಿಗೆ ಬಂದ ದಿನ ತಮ್ಮ ಬಸ್‌ಸ್ಟ್ಯಾಂಡಿಗೇ ಬಂದಿದ್ದ. ಅವನು ಮೊದಲು ನೋಡಿದ್ದು ಅಕ್ಕನ ಕೈಯನ್ನು. "ಹೋಗಿಲ್ಲಲ್ಲ ಅಕ್ಕಾ" ಎಂದ.

"ಇಲ್ಲ. ಹೋಗಂಗಿಲ್ಲ. ಒಲಿ ಎತ್ಕೊಂಡು ಬಾ."

ಅವನು ಏನೇನೋ ಹೇಳಿದ. ಗಿರಾಕಿ ಎಂದ, ಓಣಿಯವರು ಎಂದ, ಬೇರೆ ಹೆಂಗಸನ್ನು ಗೊತ್ತು ಮಾಡಿದ್ದೇನೆ ಎಂದ. ಮರುದಿನ ಬೆಳಿಗ್ಗೆ ನಾನು ಮೆಟ್ಟಿಲಿಳಿದು ಬಂದಾಗ ಒಲೆ ಬಾಗಿಲ ಪಕ್ಕದಲ್ಲಿತ್ತು. ಅಕ್ಕ ಒಬ್ಬರೇ ಎಳೆದು ತಂದಿದ್ದರು. ಮೊಣಕೈತನಕ ತೋಳಿನ ಹಳೆಯ ಕುಪ್ಪಸ ತೊಟ್ಟಿದ್ದರು. ಗೊತ್ತು ಮಾಡಿದ್ದ ಹೆಂಗಸು ಬಂದು ನಿಂತಾಗ ಅವಳಿಗೂ ಒಂದು ರೊಟ್ಟಿ, ಬದನೇಕಾಯಿ ಪಲ್ಯ ಕೊಟ್ಟು ಪಾತ್ರೆ ತೊಳೆಯುವ ಕೆಲಸಕ್ಕೆ ಇಟ್ಟುಕೊಂಡರು.

ಗಿರಾಕಿಗಳು ಕಡಿಮೆಯಾದರು, ಅದು ನಿಜ. ಹೋದವರಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಬರಲೇ ಇಲ್ಲ. ಹೊಸಬರು ಬಾಗಿಲಲ್ಲಿ ನಿಂತು ಕೈ ನೋಡಿ ಹಿಂದೆ ಸರಿದರೆ ಅಕ್ಕ ಇನ್ನಷ್ಟು ಜೋರಾಗಿ ಬಡಿಯುತ್ತಿದ್ದರು. ಆ ಸದ್ದು ಮೇಲಿನ ನನ್ನ ಕೋಣೆಗೆ ಬರುತ್ತಿತ್ತು. ಯಾರೋ ಹೊರಟು ಹೋದರು ಎಂದು ನನಗೆ ತಿಳಿಯುತ್ತಿತ್ತು. ಖಾನಾವಳಿ ಮುಚ್ಚಲಿಲ್ಲ. ಅವರಿರುವತನಕ ಒಲೆ ಆ ಬಾಗಿಲು ಬಿಟ್ಟು ಸರಿಯಲಿಲ್ಲ.

ಅವರು ಹೋದದ್ದು ಎದೆನೋವಿನಿಂದ. ಕೊನೆಯ ಸಲ ಆಸ್ಪತ್ರೆಯಲ್ಲಿ ಕಂಡಾಗ, "ನನ್ನ ಕೈಗೆ ಏನೂ ಹಚ್ಚಾಕ ಬಿಡಬ್ಯಾಡ್ರಿ ಬಾಯಾರ" ಎಂದರು. ಮುಲಾಮಿನ ಮಾತು ಎಂದುಕೊಂಡೆ...

ಮಣ್ಣಿಗೆ ಒಯ್ಯುವ ಮುಂಚೆ ಅವರನ್ನು ಪಡಸಾಲೆಯಲ್ಲಿ ಕೂಡಿಸಿದ್ದರು. ನಮ್ಮಲ್ಲಿ ಹಾಗೆ ಕೂಡಿಸಿ, ಎಡಗೈಯಲ್ಲಿ ಲಿಂಗವಿಟ್ಟು ಒಯ್ಯುತ್ತಾರೆ. ತಮ್ಮನ ಹೆಂಡತಿ ವಿಭೂತಿಯನ್ನು ನೀರಲ್ಲಿ ಕಲಸಿ ತಾಟಿನ ತುಂಬ ತಂದಳು. ಹಣೆಗೆ ಹಚ್ಚುವಷ್ಟಲ್ಲ, ಎರಡೂ ಕೈಗೆ ಬಳಿಯುವಷ್ಟು. ಆಗ ನನಗೆ ಆ ಮಾತು ತಿಳಿಯಿತು.

"ಕೈಗೆ ಬ್ಯಾಡ" ಎಂದೆ.

"ಜನ ಬರ್ತಾರ್ರೀ ಬಾಯಾರ, ನೋಡ್ತಾರ" ಎಂದಳು.

"ನೋಡ್ಲಿ."

ನಾನು ಅಕ್ಕನ ಎರಡೂ ಮಣಿಕಟ್ಟು ಹಿಡಿದುಕೊಂಡು ಅಲ್ಲೇ ಕೂತೆ. ಹೆಂಗಸರು ಗುಸುಗುಸು ಎಂದರು. ಇವರಿಗೇನು ಹಕ್ಕು ಎಂದರು. ಹಕ್ಕಿರಲಿಲ್ಲ, ನಾನು ಬಾಡಿಗೆಯವಳು. ಆದರೂ ಏಳಲಿಲ್ಲ. ಆ ಕುದಿವ ನೆಲದ ಮುಂದೆ ನಾನು ಒದರುವಷ್ಟರಲ್ಲಿ ಮೆತ್ತಿ ಮುಗಿದಿತ್ತು. ಈ ಸಲ ಹಾಗಾಗಲು ಬಿಡಲಿಲ್ಲ. ಕಡೆಗೆ ತಮ್ಮ ಬಂದ. ನನ್ನನ್ನು ನೋಡಿದ, ಅಕ್ಕನ ಕೈ ನೋಡಿದ. ಹೆಂಡತಿಯ ಕೈಯಿಂದ ತಾಟು ತೆಗೆದುಕೊಂಡು ಮೂರು ಬೆರಳದ್ದಿ ಅಕ್ಕನ ಹಣೆಗೆ ಮಾತ್ರ ಎಳೆದ. ತಾಟನ್ನು ಒಳಗೆ ಒಯ್ದಿಟ್ಟ. ಬಂದ ಜನರೆಲ್ಲ ಆ ಕೈಗಳನ್ನು ಇದ್ದಂತೆಯೇ ನೋಡಿದರು, ಆ ಅಂಗೈಯ ಮೇಲಿನ ಲಿಂಗಕ್ಕೆ ಕೈಮುಗಿದರು.

ಆ ಪಡಸಾಲೆಯಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಹತ್ತಿಮತ್ತೂರಿನ ಹೊಲದಲ್ಲಿ ಗಂಧಕ ಹೊಡೆದು ಮುಗಿಸಿ ಒಡತಿ ಸೋಪು ಹಚ್ಚಿ ಕೈ ತೊಳೆದು ಬಂದಳು. ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದಳು. "ಉಣ್ರಿ ಬಾಯಾರ, ಕೈ ಹಳದಿ ಆಗ್ಯಾವ, ತೊಳದ್ರೂ ಹೋಗವಲ್ವು, ಮನಸಿಗೆ ಏನೂ ತಂದ್ಕೋಬ್ಯಾಡ್ರಿ" ಎಂದು ರೊಟ್ಟಿ ಚಾಚಿದಳು.

"ಕೈ ಹೆಂಗಿದ್ರೇನವಾ" ಎಂದು ಇಸಿದುಕೊಂಡೆ.

ಒಳ್ಳೆಯ ರೊಟ್ಟಿ. ನಾನು ಅದನ್ನು ಕೈಯಲ್ಲಿ ತಿರುಗಿಸುತ್ತ ಅಂಚಿನ ಸುತ್ತ ಬೆರಳಾಡಿಸಿದೆ. ಎಲ್ಲ ಕಡೆ ಒಂದೇ ಸಮ ತೆಳ್ಳಗಿತ್ತು. ಇನ್ನೊಂದು ಸಲ ತಿರುಗಿಸಿದೆ...

ಆಮೇಲೆ ಮುರಿದು ಉಂಡೆ.